ಒಂದೇ ಕಾಲ, ಎರಡು ಇತಿಹಾಸ: ಯಾವುದನ್ನು ನಂಬುವುದು?

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲಿನ ವರ್ಷಗಳ ಬಗ್ಗೆ ಎರಡು ಪುಸ್ತಕ ಓದಿದೆ. ನೂರು ವರ್ಷ ಹಳೆಯದೊಂದು, ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟದ್ದೇ ತಪ್ಪು ಎನ್ನುತ್ತದೆ. ಈಚಿನದು ಅದೇ ಕಾಲವನ್ನು ಮೆಚ್ಚಿ ಬರೆದಿದೆ. ಇಬ್ಬರೂ ಪ್ರೊಫೆಸರ್‌ಗಳೇ. ಹಾಗಾದರೆ ಇತಿಹಾಸ ಅಂದ್ರೆ ಬರೆದವರ ಅಭಿಪ್ರಾಯ ಅಷ್ಟೇನಾ?
– ಓದುಗರೊಬ್ಬರು, ಹಾಸನ

ಉತ್ತರ: ಅಷ್ಟೇ ಆಗಿದ್ದರೆ ಹಳೆಯ ಪುಸ್ತಕ ತಪ್ಪು ಎಂದು ತೋರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ತೋರಿಸಿದ್ದಾರೆ. ಹೇಗೆ ಅಂತ ಹೇಳುತ್ತೇನೆ.

ನೀವು ಕೇಳಿದ್ದು 1865ರಿಂದ 1877ರವರೆಗಿನ ‘ರೀಕನ್‌ಸ್ಟ್ರಕ್ಷನ್’ (ಪುನರ್ನಿರ್ಮಾಣ) ಕಾಲದ ಬಗ್ಗೆ. ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾಗಿದ್ದ ದಕ್ಷಿಣದ ರಾಜ್ಯಗಳು ಸೋತು, ಅಂತರ್ಯುದ್ಧ ಮುಗಿದಿತ್ತು. ಸಂವಿಧಾನಕ್ಕೆ ಮೂರು ತಿದ್ದುಪಡಿ ಬಂದವು: ಗುಲಾಮಗಿರಿ ರದ್ದಾಯಿತು, ಪೌರತ್ವ ಸಿಕ್ಕಿತು, 1870ರಲ್ಲಿ ಕಪ್ಪು ಗಂಡಸರ ಮತದ ಹಕ್ಕಿಗೆ ರಕ್ಷಣೆ ಸಿಕ್ಕಿತು. ಅದೇ ವರ್ಷ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಹೋದ ಮೊದಲ ಕಪ್ಪು ಸದಸ್ಯರಾದರು.

ನಿಮ್ಮ ಹಳೆಯ ಪುಸ್ತಕದ ಧಾಟಿ ಬಹುಶಃ ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಅವರ ಬಳಗದ್ದು. ಡನ್ನಿಂಗ್ 1907ರಲ್ಲಿ ಈ ಕಾಲದ ಬಗ್ಗೆ ಪುಸ್ತಕ ಬರೆದರು. ಅವರ ಶಿಷ್ಯರು ದಕ್ಷಿಣದ ಒಂದೊಂದು ರಾಜ್ಯ ಹಿಡಿದು ಬರೆದರು. ಇವರು ಸೋಮಾರಿಗಳಲ್ಲ, ದಾಖಲೆ ಹುಡುಕಿದವರೇ. ಆದರೆ ಕಪ್ಪು ಜನರಿಗೆ ಆಳುವ ಯೋಗ್ಯತೆ ಇಲ್ಲ ಎಂಬುದನ್ನು ಪರೀಕ್ಷೆಯೇ ಇಲ್ಲದೆ ಒಪ್ಪಿಕೊಂಡು ಶುರುಮಾಡಿದರು. ಬಿಳಿಯ ಜಮೀನುದಾರರ ದೂರನ್ನು ಸಾಕ್ಷಿ ಎಂದು ಬರೆದುಕೊಂಡರು. ಬಿಡುಗಡೆಯಾದವರು ಏನು ಹೇಳಿದರು ಎಂದು ಹೆಚ್ಚು ಕೇಳಲೇ ಇಲ್ಲ. ಈ ಕಥೆ ಪಠ್ಯಪುಸ್ತಕಕ್ಕೂ ಸಿನಿಮಾಗೂ ಹೋಯಿತು. ಮುಂದೆ ದಕ್ಷಿಣದಲ್ಲಿ ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡದ್ದಕ್ಕೆ ದಶಕಗಟ್ಟಲೆ ಇದೇ ಸಮರ್ಥನೆಯಾಯಿತು. ನನಗೆ ಇದರಲ್ಲಿ ತುಂಬ ನೋವು ಕೊಡುವುದು ಈ ಭಾಗವೇ.

ಎದುರು ನಿಂತವರು ಡಬ್ಲ್ಯೂ. ಇ. ಬಿ. ಡು ಬಾಯ್ಸ್. ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್. ಕಪ್ಪು ಜನರ ಮತದಿಂದ ಆಗ ದಕ್ಷಿಣದ ರಾಜ್ಯಗಳಲ್ಲಿ ಬಂದ ಸರ್ಕಾರಗಳಿಂದ ಆದ ಒಳಿತೇನು ಎಂದು 1909ರಲ್ಲೇ ಇತಿಹಾಸಕಾರರ ಸಂಘದ ಸಭೆಯಲ್ಲಿ ಪ್ರಬಂಧ ಓದಿದರು. ದಕ್ಷಿಣದಲ್ಲಿ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಯ ವ್ಯವಸ್ಥೆ ಬಂದದ್ದು ಆಗಲೇ ಅಲ್ವಾ ಎಂಬುದು ಅವರ ಒಂದು ಮುಖ್ಯ ವಾದ. ಸಂಘದ ಪತ್ರಿಕೆ ಅದನ್ನು ಅಚ್ಚು ಹಾಕಿತು, ಆದರೆ ಇತಿಹಾಸ ಬರೆಯುವವರು ತಮ್ಮ ದಾರಿ ಬದಲಿಸಲಿಲ್ಲ. 1935ರಲ್ಲಿ ಅವರ ದೊಡ್ಡ ಪುಸ್ತಕ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಬಂದಾಗ ಅದೇ ಪತ್ರಿಕೆ ವಿಮರ್ಶೆಯನ್ನೇ ಮಾಡಲಿಲ್ಲ. ಕಪ್ಪು ಜನರೂ ಎಲ್ಲರ ಹಾಗೆ ಮನುಷ್ಯರು ಎಂದುಕೊಂಡೇ ಬರೆಯುತ್ತೇನೆ ಎಂದು ಅವರು ಮುನ್ನುಡಿಯಲ್ಲೇ ಹೇಳಿದ್ದರು. ಹಳೆಯ ಪತ್ರಾಗಾರಗಳಲ್ಲಿ ಅವರು ಹೆಚ್ಚು ಕೆಲಸ ಮಾಡಲಿಲ್ಲ, ನಿಜ. ಅಚ್ಚಾದ ವರದಿಗಳನ್ನೂ ಡನ್ನಿಂಗ್ ಶಿಷ್ಯರ ಪುಸ್ತಕಗಳನ್ನೂ ಜಾಸ್ತಿ ನೆಚ್ಚಿದರು. ಆದರೆ ನೋಡಿ, ಆ ಶಿಷ್ಯರೇ ಕೂಡಿಟ್ಟ ಸಂಗತಿಗಳಿಂದ ಅವರಿಗೆ ಉಲ್ಟಾ ತೀರ್ಮಾನ ಸಿಕ್ಕಿತು. (ಅಂಬೇಡ್ಕರ್ 1913ರಿಂದ 1916ರವರೆಗೆ ಓದಿದ್ದು ಡನ್ನಿಂಗ್ ಪಾಠ ಮಾಡುತ್ತಿದ್ದ ಕೊಲಂಬಿಯಾದಲ್ಲೇ. 1946ರಲ್ಲಿ ಅವರು ಪತ್ರ ಬರೆದದ್ದು ಮಾತ್ರ ಡು ಬಾಯ್ಸ್ ಅವರಿಗೆ.)

ಕಪ್ಪು ವಿದ್ವಾಂಸರಿಗೆ ದಾಖಲೆ ಮುಟ್ಟುವುದೇ ಕಷ್ಟವಿತ್ತು ಎಂಬುದನ್ನೂ ಮರೆಯಬೇಡಿ. 1939ರಲ್ಲಿ ಕಪ್ಪು ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್ ನಾರ್ತ್ ಕ್ಯಾರೊಲಿನಾದ ಪತ್ರಾಗಾರಕ್ಕೆ ಹೋದಾಗ ಬೇರೆ ಕೋಣೆಯಲ್ಲಿ ಕೂರಿಸಿದರು. ಬಿಳಿಯ ಸಿಬ್ಬಂದಿ ದಾಖಲೆ ತಂದುಕೊಡಬಾರದೆಂದು ಕಪಾಟುಗಳ ಕೀಲಿಯನ್ನೇ ಅವರ ಕೈಗೆ ಕೊಟ್ಟರು. ಬಿಳಿಯ ಸಂಶೋಧಕರು ತಮಗೂ ಕೀಲಿ ಬೇಕೆಂದಾಗ ಅದನ್ನು ವಾಪಸ್ ಪಡೆದರು. ಇದೇ ಫ್ರಾಂಕ್ಲಿನ್ 1961ರಲ್ಲಿ ಈ ಕಾಲದ ಬಗ್ಗೆ ಬರೆದ ಪುಸ್ತಕ ಡನ್ನಿಂಗ್ ಕಥೆಗೆ ಬಲವಾದ ಪೆಟ್ಟು ಕೊಟ್ಟಿತು. ನಾಗರಿಕ ಹಕ್ಕುಗಳ ಚಳವಳಿಯ ವರ್ಷಗಳು ಅವು. ಆ ಗಾಳಿ ಇತಿಹಾಸಕಾರರಿಗೂ ತಾಗಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆಗ ಅಧಿಕಾರದಲ್ಲಿದ್ದ ಕಪ್ಪು ಜನರು ಓದುಬರಹ ಬಾರದವರು, ಬಡಪಾಯಿಗಳು ಎಂದು ಹಳಬರು ಬರೆದಿದ್ದರಲ್ಲ, ಇದು ಪರೀಕ್ಷೆ ಮಾಡಬಹುದಾದ ಮಾತು. ಇತಿಹಾಸಕಾರ ಎರಿಕ್ ಫೋನರ್ ಹಾಗೇ ಮಾಡಿದರು. ಸುಮಾರು 1,500 ಮಂದಿಯ ವಿವರ ಒಬ್ಬೊಬ್ಬರದಾಗಿ ಕೂಡಿಸಿ 1993ರಲ್ಲಿ ಪ್ರಕಟಿಸಿದರು. ಮಾಹಿತಿ ಸಿಕ್ಕವರಲ್ಲಿ ಓದುಬರಹ ಬಲ್ಲವರೇ ಹೆಚ್ಚು. ಆಸ್ತಿ ಇದ್ದವರೂ ಹಲವರಿದ್ದರು. ಹಳೆಯ ಮಾತು ಬಿದ್ದದ್ದು ಇಂಥ ಲೆಕ್ಕದಿಂದ. ಫೋನರ್ ಅವರಿಗೂ ಅಭಿಪ್ರಾಯವಿದೆ, ಇರಲಿ ಬಿಡಿ. ಅವರ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ತಾಳೆ ನೋಡಬಹುದು.

ಎರಡೂ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಯಾರ ಪತ್ರ, ಯಾರ ಹೇಳಿಕೆ ಇದೆ, ಯಾರದು ಇಲ್ಲ ಎಂದು ಗುರುತು ಹಾಕಿಕೊಳ್ಳಿ. ಮುಂದೆ ಓದುವುದಾದರೆ ಫೋನರ್ 1988ರ ತಮ್ಮ ದೊಡ್ಡ ಪುಸ್ತಕವನ್ನು ತಾವೇ ಚಿಕ್ಕದು ಮಾಡಿಕೊಟ್ಟಿದ್ದಾರೆ, ಅದರಿಂದ ಶುರುಮಾಡಿ. ಡು ಬಾಯ್ಸ್ ಪುಸ್ತಕ ದಪ್ಪ. ಮೊದಲು ಅದರ ಕೊನೆಯ ಅಧ್ಯಾಯ ಓದಿ. ಇತಿಹಾಸಕಾರರು ಹೇಗೆ ಸುಳ್ಳಿಗೆ ಜೊತೆಯಾದರು ಎಂದು ಹೆಸರು ಹಿಡಿದು ಬರೆದಿದ್ದಾರೆ.