ದೇವರಿಗೊಂದು ಕುಣಿತ, ಅತಿಥಿಗೊಂದು ಕುಣಿತ

ಪ್ರಶ್ನೆ: ಬಾಲಿಯಂಥ ಪುಟ್ಟ ದ್ವೀಪಕ್ಕೆ ಪ್ರತಿ ವರ್ಷ ಲಕ್ಷಗಟ್ಟಲೆ ಪ್ರವಾಸಿಗರು ಬಂದುಹೋಗುವಾಗ ಅಲ್ಲಿನವರ ಸಂಸ್ಕೃತಿ ಬರೀ ಪ್ರದರ್ಶನದ ಸರಕಾಗಿಬಿಡುವುದಿಲ್ಲವೆ?

ಉತ್ತರ: ಸರಕಾಗುವುದು ನಿಜ, ‘ಬರೀ’ ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪುವುದು ಕಷ್ಟ. ಅಲ್ಲಿಗೆ ಹೋದವರೆಲ್ಲ ತಪ್ಪದೆ ನೋಡಿಬರುವ ಕೆಚಕ್ ನೃತ್ಯವನ್ನೇ ತೆಗೆದುಕೊಳ್ಳಿ. ಚೌಕುಳಿಯ ವಸ್ತ್ರವುಟ್ಟ ಹತ್ತಾರು ಗಂಡಸರು ದೀಪದ ಸುತ್ತ ಕುಳಿತು, ಯಾವ ವಾದ್ಯವೂ ಇಲ್ಲದೆ ‘ಚಕ್ ಚಕ್’ ಎಂದು ಕೊರಳಿನಿಂದಲೇ ತಾಳ ಕಟ್ಟುತ್ತಾರೆ; ನಡುವೆ ರಾಮಾಯಣದ ಪ್ರಸಂಗ ನಡೆಯುತ್ತದೆ. ಅನಾದಿ ಕಾಲದ್ದೆಂದು ನೋಡುಗರು ನಂಬುವ ಈ ಆಟದ ಈಗಿನ ರೂಪ 1930ರ ದಶಕದ್ದು. ಮೈಮೇಲೆ ದೈವ ಬರುವ ‘ಸಂಘ್ಯಾಂಗ್’ ಆಚರಣೆಯಿಂದ ಹಿಮ್ಮೇಳವನ್ನಷ್ಟೇ ಬಿಡಿಸಿ ತೆಗೆದುಕೊಂಡು, ಸ್ಥಳೀಯ ಕಲಾವಿದರು ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅವರೊಡಗೂಡಿ ಹೊರಗಿನ ನೋಡುಗರಿಗಾಗಿ ಇದನ್ನು ಕಟ್ಟಿದರು. ಇಂದು ಬಾಲಿಯವರು ಇದನ್ನು ತಮ್ಮದೆನ್ನುತ್ತಾರೆ. ಹಾಗೆನ್ನುವ ಹಕ್ಕು ಅವರಿಗಿದೆ ಎಂದೇ ನನ್ನ ಎಣಿಕೆ.

ಇನ್ನೂ ಸ್ವಾರಸ್ಯದ ಸಂಗತಿ ‘ಪೆಂಡೆಟ್’ನದು. ದೇವಾಲಯದಲ್ಲಿ ದೇವತೆಗಳನ್ನು ಬರಮಾಡಿಕೊಳ್ಳುವ ಈ ಕುಣಿತ ಹೋಟೆಲಿನ ಅತಿಥಿಗಳ ಮುಂದೆ ನಡೆಯತೊಡಗಿದಾಗ ಹಿರಿಯರಿಗೆ ಅದು ಸರಿಕಾಣದೆ, ಬದಲಿಗೆ ‘ಪನ್ಯೆಂಬ್ರಮ’ವೆಂಬ ಹೊಸ ಸ್ವಾಗತ ನೃತ್ಯ ರಚನೆಯಾಯಿತು. 1971ರಲ್ಲಿ ವಿದ್ವಾಂಸರೂ ಧಾರ್ಮಿಕ ಮುಖಂಡರೂ ಸಭೆ ಸೇರಿ, ದೇಗುಲದ ಒಳಪ್ರಾಕಾರಕ್ಕೆ ಸಲ್ಲುವ ‘ವಲಿ’, ನಡುಪ್ರಾಕಾರದ ‘ಬೆಬಲಿ’, ಹೊರಗಿನ ಮನರಂಜನೆಯ ‘ಬಲಿಹ್-ಬಲಿಹನ್’ ಎಂದು ನೃತ್ಯಗಳನ್ನು ಮೂರಾಗಿ ವಿಂಗಡಿಸಿದರು. ಯಾವುದನ್ನು ಮಾರಬಹುದು, ಯಾವುದನ್ನು ಕೂಡದು ಎಂಬ ಪ್ರಶ್ನೆ ಎದುರಾಗದಿದ್ದರೆ ಇಷ್ಟು ಖಚಿತವಾದ ಗೆರೆ ಎಳೆಯುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ. ಆದರೂ ಗೆರೆ ನಿಲ್ಲಲಿಲ್ಲ: ಅತಿಥಿಗಳಿಗೆಂದು ಹುಟ್ಟಿದ ಪನ್ಯೆಂಬ್ರಮವನ್ನು ಕಲಿತ ಹುಡುಗಿಯರು ಮುಂದೆ ದೇವಾಲಯದ ಉತ್ಸವದಲ್ಲೂ ಅದನ್ನೇ ಕುಣಿದರು. (ದೇವರು ಬೇಡವೆಂದಂತಿಲ್ಲ.)

ಆದ್ದರಿಂದ ಕುಣಿತದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಚಿಂತೆಯಿರುವುದು ಗದ್ದೆಯ ಬಗ್ಗೆ. ಬಾಲಿಯ ರೈತರು ‘ಸುಬಕ್’ ಎಂಬ ಸಂಘಗಳಲ್ಲಿ ಕೂಡಿ, ಜಲದೇವಾಲಯಗಳ ಕಟ್ಟಳೆಯಂತೆ ಸರದಿಯ ಮೇಲೆ ನೀರು ಹಂಚಿಕೊಳ್ಳುತ್ತಾರೆ. ಈ ಪದ್ಧತಿ ರೂಪಿಸಿದ ಭೂದೃಶ್ಯಕ್ಕೆ 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆಯೂ ದೊರೆಯಿತು. ಆ ಹಸಿರು ಮೆಟ್ಟಿಲುಗದ್ದೆಗಳನ್ನು ನೋಡಲೆಂದೇ ಜನ ಬರುತ್ತಾರೆ, ಅವರು ತಂಗಲೆಂದು ಅದೇ ಗದ್ದೆಗಳಲ್ಲಿ ವಿಲ್ಲಾಗಳು ಏಳುತ್ತವೆ. ಗದ್ದೆ ಮಾರಿದವನಿಗೆ ಸುಬಕ್‌ನ ನೀರಿನ ಸರದಿಯಲ್ಲಿ ಪಾಲಿಲ್ಲ, ಸರದಿಯೇ ಇಲ್ಲದವನಿಗೆ ಜಲದೇವಾಲಯದ ಪೂಜೆಯಲ್ಲಿ ಹೊರುವ ಹೊಣೆಯೂ ಉಳಿಯುವುದಿಲ್ಲ.