ಪ್ರತಿಕ್ರಿಯೆ: ತಂಗುದಾಣದವರು ನಮ್ಮ ನಾಟಕಕ್ಕೆ ಸ್ಪಂದಿಸುತ್ತಿಲ್ಲ
ಮನೆಯಿಲ್ಲದವರು ರಾತ್ರಿ ಮಲಗುವ ಬೆಂಗಳೂರಿನ ಒಂದು ತಂಗುದಾಣದಲ್ಲಿ ಅಲ್ಲಿನವರ ಕತೆ ಕೇಳಿ ನಾಟಕ ಮಾಡಬೇಕು, ಆದರೆ ಅಲ್ಲಿಂದ ಉತ್ತರವೇ ಇಲ್ಲ ಅಂದಿದ್ದೀರಿ. ಮೊದಲ ಮೇಲ್‌ನಲ್ಲೇ ವಿಡಿಯೊ ಸಂದರ್ಶನ ಕೇಳಿದ್ದೀರಿ ಅಲ್ವಾ, ತಂಗುದಾಣದವರು ಸುಮ್ಮನಾಗಿದ್ದು ಬಹುಶಃ ಅದಕ್ಕೇ. ಇಂಥ ಕೇಂದ್ರಗಳನ್ನು ಹೆಚ್ಚಾಗಿ ಪಾಲಿಕೆಯ ಪರವಾಗಿ ಸಂಸ್ಥೆಗಳು ನಡೆಸುತ್ತವೆ. ಮ್ಯಾನೇಜರ್ ಒಬ್ಬರೇ ಹೂಂ ಅನ್ನುವುದು ಕಷ್ಟ.

ಮೊದಲು ಕ್ಯಾಮೆರಾ ಇಲ್ಲದೆ ಹೋಗಿ. ಬೆಳಿಗ್ಗೆ ಎಲ್ಲರೂ ಕೂಲಿಗೆ ಹೊರಟ ಮೇಲೆ ಸಿಬ್ಬಂದಿಗೆ ಸ್ವಲ್ಪ ಪುರುಸೊತ್ತು ಇರುತ್ತದೆ. ಆಮೇಲೆ ಒಂದು ಪುಟದ ಪತ್ರ ಕೊಡಿ: ಯಾರ ಕತೆ, ಪ್ರದರ್ಶನ ಎಲ್ಲಿ, ಟಿಕೆಟ್ ದುಡ್ಡು ಯಾರಿಗೆ. ಕತೆ ಹೇಳಿದವರು ಪ್ರದರ್ಶನಕ್ಕೆ ಮುಂಚೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಅಂತಲೂ ಬರೆಯಿರಿ. ಈ ಸಾಲಿಗೇ ತಂಗುದಾಣದವರು ಜಾಸ್ತಿ ಬೆಲೆ ಕೊಡುತ್ತಾರೆ. ಪಾಲಿಕೆಯ ಅನುಮತಿ ಬೇಕಾಗಬಹುದು, ಅದನ್ನೂ ತಂಗುದಾಣದವರನ್ನೇ ಕೇಳಿ.

ಮಕ್ಕಳಿದ್ದರೆ ಹೆಸರು, ಮುಖ ಎರಡೂ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಡ್ಡ ಬರುತ್ತದೆ. ಮಾತಿಗೆ ಕೂತವರಿಗೆ ಅವತ್ತಿನ ಕೂಲಿಯಾದರೂ ಕೊಡಿ.