ಜಪಾನಿ ತಂಡದ ‘ಹೈ’ ಒಪ್ಪಿಗೆಯಲ್ಲ

ಕರೆಯಲ್ಲಿ ಎಲ್ಲದಕ್ಕೂ ‘ಹೈ, ಹೈ’ (ಹೌದು, ಹೌದು) ಅಂದ ಟೋಕಿಯೊ ತಂಡ ವಾರ ಕಳೆದರೂ ವೇಳಾಪಟ್ಟಿ ಖಚಿತಪಡಿಸಿಲ್ಲ ಅಂದಿದ್ದೀರಿ. ಬಹುಶಃ ಅವರು ಒಪ್ಪಿಯೇ ಇರಲಿಲ್ಲ. ಮಾತಿನ ನಡುವಿನ ‘ಹೈ’ ನಮ್ಮ ಹೂಂಗುಟ್ಟುವಿಕೆಯಂತೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥ. ‘ಮುಜುಕಶೀ’ (ಕಷ್ಟ) ಅಥವಾ ‘ಕೆಂಟೋ ಶಿಮಾಸು’ (ಪರಿಶೀಲಿಸುತ್ತೇವೆ) ಅಂದಿದ್ದರೆ ಅದು ಹೆಚ್ಚಾಗಿ ಮೃದುವಾದ ‘ಆಗಲ್ಲ’.

ಮೊದಲು, ಜ್ಞಾಪನೆಯ ಮೇಲ್ ಕಳಿಸುವಾಗ ಅವರ ಮೇಲಧಿಕಾರಿಗೆ ಪ್ರತಿ ಹಾಕಬೇಡಿ. ಎಲ್ಲರೆದುರು ಮುಖಭಂಗವಾದರೆ ನಿಜವಾದ ಅಡಚಣೆ ನಿಮಗೆ ತಿಳಿಯುವುದೇ ಇಲ್ಲ. ನಿಮ್ಮ ಜೊತೆ ಹೆಚ್ಚು ಒಡನಾಟವಿರುವ ಒಬ್ಬರಿಗೆ ಖಾಸಗಿಯಾಗಿ ಬರೆಯಿರಿ, ಕುಲನಾಮಕ್ಕೆ ಗೌರವಸೂಚಕ ‘ಸಾನ್’ ಸೇರಿಸಿ. ‘ಈ ದಿನಾಂಕ ಆಗುತ್ತದೆಯೇ?’ ಎಂದು ಕೇಳಬೇಡಿ, ಹೌದು ಎಂದೇ ಬಂದೀತು. ‘ಯಾವ ಹಂತಕ್ಕೆ ಹೆಚ್ಚು ಸಮಯ ಬೇಕು? ಇನ್ನು ಯಾರ ಒಪ್ಪಿಗೆ ಬಾಕಿಯಿದೆ?’ ಎಂದು ಕೇಳಿ.

ಆ ಉತ್ತರ ಬಂದ ಮೇಲೆ ಪ್ರಸ್ತಾವವನ್ನು ಒಂದೇ ಪುಟಕ್ಕೆ ತಿದ್ದಿ, ಸಭೆಗೆ 3 ಕೆಲಸದ ದಿನ ಮುಂಚೆ ಕಳಿಸಿ. ಅಷ್ಟರಲ್ಲಿ ಅವರು ಒಳಗೊಳಗೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸಿಕೊಳ್ಳುತ್ತಾರೆ. ಇದಕ್ಕೆ ‘ನೆಮವಾಶಿ’ ಎನ್ನುತ್ತಾರೆ; ಮರ ಕಿತ್ತು ನೆಡುವ ಮುನ್ನ ಬೇರು ಸಜ್ಜುಮಾಡುವುದು ಅದರ ಮೂಲ ಅರ್ಥ. ಇದಾಗದೆ ಸಭೆಯಲ್ಲಿ ನಿರ್ಧಾರ ಕೇಳಿದರೆ ಮತ್ತೆ ‘ಹೈ’ ಮಾತ್ರ ಸಿಗುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಮೇಲೆ 8–10 ಸೆಕೆಂಡ್ ಸುಮ್ಮನಿರಿ. ಮೌನ ತುಂಬಲು ನೀವೇ ಮಾತಾಡಿಬಿಟ್ಟರೆ ಅವರ ಅವಕಾಶ ಹೋಗುತ್ತದೆ.

ಭಾಷೆಯ ತೊಡಕೂ ಇರಬಹುದು. ಹಾಗಾಗಿ ಸಭೆ ಮುಗಿದ ದಿನವೇ ಯಾರು, ಏನು, ಯಾವಾಗ ಎಂಬುದನ್ನು ಚಿಕ್ಕ ವಾಕ್ಯಗಳಲ್ಲಿ ಬರೆದು ಕಳಿಸಿ, ತಿದ್ದುಪಡಿ ಕೇಳಿ. ಲಿಖಿತ ದೃಢೀಕರಣ ಬಂದ ಮೇಲಷ್ಟೇ ದಿನಾಂಕವನ್ನು ಗ್ರಾಹಕರಿಗೆ ತಿಳಿಸಿ.